ಇಪ್ಪತ್ತೊಂದು ತುಂಬಿದರೆ ಪರಕೀಯರೆ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಸರ್ಕಾರದವರು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆದಿರುವರು. ಕಂದಾಯಕ್ಕೆ ನಾವು ತುಮಕೂರು ಜಿಲ್ಲೆಯವರಾದರೂ ವಿದ್ಯೆಯ ಮಟ್ಟಿಗೆ ನಮ್ಮದು ಬೇರೊಂದು ಜಿಲ್ಲೆ. ಈ ಜಿಲ್ಲೆಯ ಹಳ್ಳಿಯ ಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯರಾಗಿದ್ದು ಈಗ ವಿಶ್ರಾಂತರಾಗಿರುವ ವೃದ್ಧರೊಬ್ಬರು ಮೊನ್ನೆ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ಅವರು ಚೀಲದಿಂದ ತೆಗೆದದ್ದು ಮೊಮ್ಮಗಳ ಪತ್ರ. ಮಗನು ತುಮಕೂರಿನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದು, ಕಂಪನಿಯವರು ಕಳುಹಿಸಿದರೆಂದು ಹೆಂಡತಿ ಮಗುವಿನೊಡನೆ ಅಮೆರಿಕದ ನ್ಯೂಜೆರ್ಸಿಗೆ ಹೋದನು. ಆಗ ಆ ಹೆಣ್ಣುಮಗುವಿಗೆ ನಾಲ್ಕು ವರ್ಷ. ಈಗ ಅವಳು ಅಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದುತ್ತಿರುವಳು.

"ಸ್ವಾಮಿ, ಮುಂದಿನ ಕಾರ್ತಿಕಕ್ಕೆ ಮಗುವಿಗೆ ಇಪ್ಪತ್ತೊಂದು ತುಂಬುತ್ತದೆ. ಆವತ್ತಿನಿಂದ ಅವಳು ಅಪ್ಪನ ಮನೆಯಲ್ಲಿರಬೇಕಾದರೆ ಬೇರೆ ವೀಸಾ ಬೇಕಂತೆ. ಸಿಕ್ಕದಿದ್ದರೆ ದೇಶ ಬಿಡಬೇಕಂತೆ. ಅಪ್ಪ ಅಮ್ಮ ಅಲ್ಲೇ ಇರಬಹುದು. ಅಲ್ಲೇ ಹುಟ್ಟಿದ ತಮ್ಮನಂತೂ ಅಲ್ಲಿಯ ಪ್ರಜೆ. ಇವಳೊಬ್ಬಳೇ ಹೊರಗೆ. ನಾನು ಲೆಕ್ಕದ ಮೇಷ್ಟ್ರು, ಈ ಲೆಕ್ಕ ನನಗೇ ತಿಳಿಯುತ್ತಿಲ್ಲ" ಎಂದು ಅವರು ಹೇಳಿದರು. ಅವರ ಕೈ ನಡುಗುತ್ತಿದ್ದುದು ವಯಸ್ಸಿನಿಂದಲೋ ದುಃಖದಿಂದಲೋ ನಾವು ಅರಿಯೆವು.

ನಮ್ಮ ವಿದ್ಯೆ ಪಾಠಶಾಲೆಯದು, ಅದರ ಮೇಲೆ ಮೆಟ್ರಿಕ್ಯುಲೇಶನ್ ಒಂದು. ಪರದೇಶದ ಶಾಸನಗಳಲ್ಲಿ ನಾವು ಪಂಡಿತರೆಂದು ಹೇಳಿಕೊಳ್ಳಲಾರೆವು. ಆದರೂ ವಿಷಯವನ್ನು ಬಲ್ಲವರಿಂದ ಕೇಳಿಯೂ ಓದಿಯೂ ತಿಳಿದುಕೊಂಡುದನ್ನು ವಾಚಕ ಮಹಾಶಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಅಮೆರಿಕದ ಕಂಪನಿಗಳು ಹೊರದೇಶದ ಕುಶಲ ಕೆಲಸಗಾರರನ್ನು ಕರೆಸಿಕೊಳ್ಳುವುದು ಎಚ್-೧ಬಿ ಎಂಬ ವೀಸಾದ ಮೇಲೆ. ಹಾಗೆ ಹೋದವನ ಹೆಂಡತಿ ಮಕ್ಕಳಿಗೆ ಎಚ್-೪ ಎಂಬ ಅವಲಂಬಿತರ ವೀಸಾ. ಅಲ್ಲಿಯೇ ಕಾಯಮ್ಮಾಗಿ ನೆಲಸಲು ಗ್ರೀನ್ ಕಾರ್ಡು ಬೇಕು. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳು ಸುಮಾರು ೧,೪೦,೦೦೦. ಈ ಲೆಕ್ಕದಲ್ಲಿ ಹೆಂಡತಿ ಮಕ್ಕಳೂ ಸೇರಿರುವರು. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ನೂರಕ್ಕೆ ಏಳಕ್ಕಿಂತ ಹೆಚ್ಚಾಗಿ ಕೊಡಕೂಡದೆಂದು ೧೯೯೦ರ ಶಾಸನವು ವಿಧಿಸಿತು. ಸುಮಾರು ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ನೂರಕ್ಕೆ ಏಳು, ನೂರನಲವತ್ತು ಕೋಟಿ ಜನರ ಭಾರತಕ್ಕೂ ನೂರಕ್ಕೆ ಏಳು! ಸಮತ್ವವೆಂದರೆ ಇದೇ ಎಂದು ಅಲ್ಲಿಯವರು ಹೇಳುವುದುಂಟು. ಆನೆಗೂ ಇರುವೆಗೂ ಒಂದೇ ಬೊಗಸೆ ಅಳೆದು ಹಾಕಿ ಇಬ್ಬರಿಗೂ ಸಮನಾಗಿ ಬಡಿಸಿದೆವೆಂದಂತೆ ಆಯಿತು. ಈ ಕಾರಣದಿಂದ ಸರದಿಯಲ್ಲಿ ಕಾಯುತ್ತಿರುವ ಭಾರತೀಯರ ಸಂಖ್ಯೆಯು ಕುಟುಂಬದವರನ್ನು ಸೇರಿಸಿ ಹತ್ತು ಲಕ್ಷವನ್ನು ಮೀರಿತು. ಉನ್ನತ ಪದವೀಧರರ ಸಾಲಿನಲ್ಲಿ ೨೦೨೫ನೆಯ ಇಸವಿ ಮುಗಿಯುತ್ತಿದ್ದಾಗ ಸರದಿ ಬಂದುದು ೨೦೧೩ರಲ್ಲಿ ಅರ್ಜಿ ಹಾಕಿದವರಿಗೆ. ಆಮೇಲೆ ಹಾಕಿದವರ ಸಾಲು ಇನ್ನೂ ಎಷ್ಟೋ ಉದ್ದ. ಹಲವು ದಶಕಗಳೇ ಹಿಡಿಯಬಹುದೆಂದು ಬಲ್ಲವರ ಎಣಿಕೆ. ನಮ್ಮ ಮೇಷ್ಟ್ರ ಮಗನು ಅರ್ಜಿ ಹಾಕಿದುದು ೨೦೧೬ರಲ್ಲಿ.

ತಂದೆಯು ಕಾಯಬಹುದು. ಕಾಯುವಷ್ಟು ಕಾಲ ಅವನ ಕೆಲಸದ ವೀಸಾವನ್ನು ಮುಂದುವರಿಸಲು ಶಾಸನದಲ್ಲಿ ಅವಕಾಶವುಂಟು. ಆದರೆ ಮಗುವಿನ ವಯಸ್ಸು ಕಾಯುವುದಿಲ್ಲ. ಇಪ್ಪತ್ತೊಂದು ತುಂಬಿದ ದಿನ ಶಾಸನದ ದೃಷ್ಟಿಯಲ್ಲಿ ಆ ಮಗು ಮಗುವಲ್ಲ. ತಂದೆಯ ಸಾಲಿನಿಂದ ಅವಳ ಹೆಸರು ಕಳಚಿ ಬೀಳುವುದು. ಎಚ್-೪ ಸಹ ಅಂದಿಗೆ ಮುಗಿಯುವುದು. ಆಮೇಲೆ ಇರುವ ದಾರಿ ಒಂದೇ ಎನ್ನಬಹುದು: ಈಗತಾನೆ ಹೊರದೇಶದಿಂದ ಬಂದಿಳಿದ ವಿದ್ಯಾರ್ಥಿಯಂತೆ ಎಫ್-೧ ವೀಸಾ ಬೇಡುವುದು. ಆ ವೀಸಾ ಕೇಳುವವರು ವ್ಯಾಸಂಗ ಮುಗಿದೊಡನೆ ಸ್ವದೇಶಕ್ಕೆ ಹಿಂದಿರುಗುವೆವೆಂಬ ಸಂಕಲ್ಪವನ್ನು ತೋರಿಸಬೇಕು. ಹದಿನೇಳು ವರ್ಷ ಬೆಳೆದ ಊರಿನಲ್ಲಿ ನಿಂತು, ನನ್ನ ಊರು ಇದಲ್ಲ, ಇಲ್ಲಿರುವ ಆಸೆ ನನಗಿಲ್ಲ ಎಂದು ಹೇಳಬೇಕು. ಇಡೀ ಸಂಸಾರ ನೆಲಸಲೆಂದು ತಂದೆ ಹಾಕಿದ ಅರ್ಜಿಯೇ ಮಗಳ ಈ ಮಾತಿಗೆ ಅಡ್ಡಬರುವ ಸಂಭವವೂ ಉಂಟು. ಎಫ್-೧ ದೊರೆತರೂ ವ್ಯಾಸಂಗ ಮುಗಿದ ಮೇಲೆ ಅಲ್ಪಕಾಲದ ಕೆಲಸ. ಅನಂತರ ಎಚ್-೧ಬಿಗಾಗಿ ವರ್ಷಕ್ಕೊಮ್ಮೆ ನಡೆಯುವ ಲಾಟರಿ. ಅಲ್ಲಿ ಇರುವುದು ೮೫,೦೦೦ ಚೀಟಿಗಳು, ಬೇಡುವವರು ಲಕ್ಷಗಟ್ಟಲೆ. ಚೀಟಿ ಬಾರದಿದ್ದರೆ ಮೂಟೆ ಕಟ್ಟತಕ್ಕದ್ದು.

ಪೊಲೀಸರು ಬಂದು ಕೈಹಿಡಿದು ಎಳೆದರೆ ಅದನ್ನು ಗಡೀಪಾರು ಎನ್ನುತ್ತೇವೆ. ತಾನಾಗಿಯೇ ಹೊರಟುಹೋಗದಿದ್ದರೆ ಅಪರಾಧಿಯಾಗುವೆ ಎಂದು ಹೇಳಿ ಹೊರಡಿಸಿದರೆ ಅದಕ್ಕೆ ಬೇರೆ ಹೆಸರನ್ನು ಹುಡುಕುವ ಅಗತ್ಯವು ನಮಗೆ ಕಾಣುವುದಿಲ್ಲ. ಈ ಬಗೆಯ ಆತಂಕದಲ್ಲಿರುವ ಮಕ್ಕಳೂ ತರುಣರೂ ಅಮೆರಿಕದಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟು ಇರುವರೆಂದು ಲೆಕ್ಕ ಹಾಕಲಾಗಿದೆ. ಅವರಲ್ಲಿ ಬಹುಪಾಲು ಭಾರತೀಯರು. ಕನ್ನಡದ ಸಂಸಾರಗಳೂ ಅವರಲ್ಲಿ ಸೇರಿವೆ.

ಇನ್ನೊಂದು ಸಂಗತಿಯನ್ನು ಕೇಳಿದಾಗ ನಮಗೆ ಮೊದಲು ನಂಬಿಕೆಯೇ ಬರಲಿಲ್ಲ. ತಂದೆತಾಯಿಗಳೊಡನೆ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದ ಮಕ್ಕಳನ್ನು ಹೊರಗಟ್ಟಬಾರದೆಂದು ೨೦೧೨ನೆಯ ಜೂನ್ ೧೫ರಂದು ಆಗಿನ ಅಧ್ಯಕ್ಷ ಒಬಾಮಾ ಅವರು ಒಂದು ಏರ್ಪಾಡನ್ನು ಸಾರಿದರು. ಹದಿನಾರು ತುಂಬುವ ಮೊದಲೇ ಬಂದು, ಶಾಲೆಯಲ್ಲಿ ಓದುತ್ತಿರುವ ಅಥವಾ ಓದಿ ಮುಗಿಸಿದ, ಗುರುತರವಾದ ಅಪರಾಧವಿಲ್ಲದ ತರುಣರಿಗೆ ಎರಡೆರಡು ವರ್ಷಗಳಂತೆ ಅಭಯವೂ ಕೆಲಸದ ಅನುಮತಿಯೂ ದೊರೆಯುವ ಏರ್ಪಾಡು ಅದು. ಡಾಕಾ ಎಂದು ಅದನ್ನು ಕರೆವರು. ಸುಮಾರು ಎಂಟು ಲಕ್ಷ ತರುಣರು ಅದರ ಪ್ರಯೋಜನ ಪಡೆದರು. ಅತ್ಯಂತ ನ್ಯಾಯವಾದ ಕೆಲಸವೆಂದೇ ನಾವು ಹೇಳುವೆವು. ಆದರೆ ಅದಕ್ಕೊಂದು ನಿಬಂಧನೆ: ಆ ದಿನ ಅರ್ಜಿದಾರನು ಶಾಸನಬದ್ಧವಾದ ಯಾವ ವೀಸಾದಲ್ಲಿಯೂ ಇರಕೂಡದು! ಹೀಗಾಗಿ ಸುಂಕದ ಕಟ್ಟೆಯಲ್ಲಿ ನಿಂತು, ಮುದ್ರೆ ಹಾಕಿಸಿಕೊಂಡು, ಪ್ರತಿಯೊಂದು ನಿಯಮವನ್ನೂ ಪಾಲಿಸಿದವರ ಮಕ್ಕಳು, ನಿಯಮ ಪಾಲಿಸಿದ ಒಂದೇ ಕಾರಣದಿಂದ ಆ ಅಭಯಕ್ಕೆ ಹೊರಗಾದರು.

ಕಾಗದವಿಲ್ಲದವರಿಗೇಕೆ ಕೊಟ್ಟರೆಂದು ನಾವು ಕೇಳುತ್ತಿಲ್ಲ. ಹಾಗೆ ಕೇಳುವವರು ನಮ್ಮವರಲ್ಲಿಯೂ ಇರುವರು. ಅವರ ಮಾತು ನಮಗೆ ಹಿಡಿಸದು. ಗಡಿ ದಾಟುವಾಗ ತಾಯಿಯ ಕಂಕುಳಲ್ಲಿದ್ದ ಕೂಸು ಯಾವ ಶಾಸನವನ್ನು ಮುರಿಯಿತು? ಅಮೆರಿಕದ ಶ್ರೇಷ್ಠ ನ್ಯಾಯಾಲಯವೇ ಈ ಪ್ರಶ್ನೆಗೆ ೧೯೮೨ನೆಯ ಜೂನ್ ೧೫ರಂದು ಉತ್ತರ ಕೊಟ್ಟಿತ್ತು. ಕಾಗದವಿಲ್ಲದ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಲು ಟೆಕ್ಸಾಸ್ ಸಂಸ್ಥಾನದವರು ಶಾಸನ ಮಾಡಿದ್ದರು. ತಂದೆತಾಯಿಗಳ ನಡತೆಗಾಗಿ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲವೆಂದು ಐವರು ನ್ಯಾಯಾಧೀಶರು ಹೇಳಿದರು, ನಾಲ್ವರು ಒಪ್ಪಲಿಲ್ಲ. ಒಂದು ಮತದ ಅಂತರದಿಂದ ಲಕ್ಷಾಂತರ ಮಕ್ಕಳ ಅಕ್ಷರ ಉಳಿಯಿತು. ಸರಿಯಾಗಿ ಮೂವತ್ತು ವರ್ಷಗಳ ಮೇಲೆ ಅದೇ ತಾರೀಖಿನಂದು ಡಾಕಾ ಬಂದಿತು.

ಅದು ದೊರೆಗಳ ದಯೆಯಿಂದ ಬಂದುದೂ ಅಲ್ಲ. ಈ ತರುಣರನ್ನು ಪ್ರಜೆಗಳಾಗಲು ಬಿಡಬೇಕೆಂಬ ಡ್ರೀಮ್ ಮಸೂದೆಯು ಮೊದಲು ಮಂಡಿತವಾದುದು ೨೦೦೧ರಲ್ಲಿ. ಒಂಬತ್ತು ವರ್ಷಗಳ ಕಾಲ ಅದು ಮೂಲೆಯಲ್ಲಿ ಬಿದ್ದಿತ್ತು. ೨೦೧೦ನೆಯ ಜನವರಿ ೧ರಂದು ನಾಲ್ವರು ವಿದ್ಯಾರ್ಥಿಗಳು ಮಯಾಮಿ ನಗರದಿಂದ ವಾಷಿಂಗ್ಟನ್ನಿಗೆ ಕಾಲ್ನಡಿಗೆಯಲ್ಲಿ ಹೊರಟರು. ದೂರ ೧,೫೦೦ ಮೈಲಿ. ನಾಲ್ಕು ತಿಂಗಳು ನಡೆದರು. ದಾರಿಯಲ್ಲಿ ಹಿಡಿದರೆ ದೇಶದಿಂದಲೇ ಹೊರಗಟ್ಟುವರೆಂದು ತಿಳಿದಿದ್ದೂ ತಮ್ಮ ಸ್ಥಿತಿಯನ್ನು ಊರೂರಿನಲ್ಲಿ ಸಾರುತ್ತ ನಡೆದರು. ೧೯೩೦ರಲ್ಲಿ ಸಾಬರಮತಿಯಿಂದ ದಂಡಿಗೆ ಗಾಂಧೀಜಿಯವರು ನಡೆದುದು ಸುಮಾರು ೨೪೦ ಮೈಲಿ. ಹೋಲಿಕೆ ಹೇಳುವುದು ದೂರಕ್ಕಾಗಿಯಲ್ಲ. ಆ ನಡಿಗೆಯ ಬಗೆ ನಮ್ಮವರಿಗೆ ಪರಿಚಿತವಾದುದೆಂದು ಹೇಳುವುದಕ್ಕಾಗಿ. ಅದೇ ವರ್ಷ ಡಿಸೆಂಬರಿನಲ್ಲಿ ಮಸೂದೆಗೆ ಮೇಲ್ಮನೆಯಲ್ಲಿ ೫೫ ಮತಗಳು ಬಂದರೂ ಬೇಕಾಗಿದ್ದ ೬೦ ಆಗಲಿಲ್ಲ. ವಿದ್ಯಾರ್ಥಿಗಳು ಸುಮ್ಮನಾಗಲಿಲ್ಲ, ಎರಡು ವರ್ಷಗಳೊಳಗೆ ಡಾಕಾ ಬಂದಿತು. ೨೦೧೭ರಲ್ಲಿ ಅಧ್ಯಕ್ಷ ಟ್ರಂಪ್ ಅವರ ಸರ್ಕಾರ ಅದನ್ನು ರದ್ದು ಮಾಡಹೊರಟಾಗ ವ್ಯಾಜ್ಯ ಹೂಡಿದರು. ರದ್ದು ಮಾಡಿದ ಕ್ರಮವು ಸರಿಯಲ್ಲವೆಂದು ೨೦೨೦ನೆಯ ಜೂನ್ ೧೮ರಂದು ಶ್ರೇಷ್ಠ ನ್ಯಾಯಾಲಯ ತೀರ್ಪು ಕೊಟ್ಟಿತು. ಮರುವರ್ಷ ಟೆಕ್ಸಾಸಿನ ನ್ಯಾಯಾಲಯವೊಂದು ಹೊಸಬರಿಗೆ ಅದನ್ನು ಕೊಡದಂತೆ ತಡೆಯಿತು. ಹೀಗೆ ಒಂದು ಕೈ ಕೊಟ್ಟುದನ್ನು ಇನ್ನೊಂದು ಕೈ ಕಿತ್ತುಕೊಳ್ಳುತ್ತಲಿದೆ.

ಕಾಗದವುಳ್ಳ ನಮ್ಮ ಮಕ್ಕಳು ತಮಗಾಗಿ ಮಾತನಾಡಲು ಕಲಿತುದು ತಡವಾಗಿ. ೨೦೧೭ರಲ್ಲಿ ಅಂಥ ತರುಣನೊಬ್ಬನು ಇಂಪ್ರೂವ್ ದ ಡ್ರೀಮ್ ಎಂಬ ಸಂಘವನ್ನು ಕಟ್ಟಿದನು. ಅವರ ಪ್ರಯತ್ನದಿಂದ ೨೦೨೧ರಲ್ಲಿ ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್ ಎಂಬ ಮಸೂದೆಯು ಎರಡು ಸಭೆಗಳಲ್ಲಿಯೂ ಮಂಡಿತವಾಯಿತು, ೨೦೨೩ರಲ್ಲಿ ಮತ್ತೊಮ್ಮೆ. ಎರಡು ಪಕ್ಷಗಳ ಸದಸ್ಯರೂ ಅದಕ್ಕೆ ಸಹಿ ಹಾಕಿದ್ದರು. ಅವಲಂಬಿತರಾಗಿ ಬಂದು ಹತ್ತು ವರ್ಷ ಅಲ್ಲಿದ್ದು, ಅಲ್ಲಿಯೇ ಪದವಿ ಪಡೆದವರಿಗೆ ನೆಲಸುವ ಹಕ್ಕನ್ನು ಕೊಡಬೇಕೆಂಬುದೂ, ಮಗುವಿನ ವಯಸ್ಸನ್ನು ತಂದೆಯು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿಯಬೇಕೆಂಬುದೂ ಅದರ ತಿರುಳು. ಎರಡು ಸಲವೂ ಅಂಗೀಕಾರವಾಗದೆ ಬಿದ್ದುಹೋಯಿತು. ಇದರ ಮೇಲೆ ೨೦೨೩ರಲ್ಲಿ ವಯಸ್ಸಿನ ಲೆಕ್ಕವನ್ನು ಕೊಂಚ ಸಡಿಲಿಸಿದ್ದ ಅಲ್ಲಿಯ ಇಲಾಖೆಯವರು ಅದನ್ನು ಮತ್ತೆ ಬಿಗಿ ಮಾಡಿದರು; ೨೦೨೫ನೆಯ ಆಗಸ್ಟ್ ೧೫ರಿಂದ ಹಾಕಿದ ಅರ್ಜಿಗಳಿಗೆ ಬಿಗಿಯಾದ ಲೆಕ್ಕವೇ ಸಲ್ಲುವುದೆಂದರು. ತಾರೀಖನ್ನು ಅವರು ನಮ್ಮನ್ನು ನೋಡಿ ಆರಿಸಿರಲಾರರು. ಆದರೂ ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು.

ಈ ವಿಷಯವಾಗಿ ಊರಿನ ನಾಲ್ಕು ಜನರೊಡನೆ ಮಾತನಾಡಿ ನೋಡಿದೆವು. ಮೊದಲು ಕಿವಿಗೆ ಬಿದ್ದ ಮಾತು, "ಡಾಲರ್ ಎಣಿಸಲು ಹೋದವರ ಮಕ್ಕಳಿಗಾಗಿ ನಾವೇಕೆ ಅಳಬೇಕು? ಮಳೆಯಿಲ್ಲದೆ ಪಾವಗಡದವರು ಗುಳೆ ಹೋದಾಗ ಯಾರು ಅತ್ತರು?" ಎಂಬುದು. ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಗುಳೆಗೂ ಈ ಗುಳೆಗೂ ಮೂಲ ಒಂದೇ ಎಂಬುದನ್ನು ಹಾಗೆ ಹೇಳುವವರು ಮರೆತಿರುವರು. ನಮ್ಮ ನಾಲ್ಕು ತಾಲ್ಲೂಕುಗಳ ಒಣನೆಲದಲ್ಲಿ ಶೇಂಗಾ ಬಿತ್ತಿ ಆಕಾಶವನ್ನು ನೋಡುತ್ತ ಕುಳಿತ ತಂದೆಗಳು, ಮಗನಾದರೂ ಈ ನೆಲದ ಹಂಗಿಲ್ಲದೆ ಬದುಕಲೆಂದು ಸಾಲ ಮಾಡಿ ಓದಿಸಿದರು. ಕೂಲಿಗೆ ಬೆಂಗಳೂರಿಗೆ ಹೋದವನನ್ನೂ, ಕಂಪ್ಯೂಟರ್ ಕೆಲಸಕ್ಕೆ ನ್ಯೂಜೆರ್ಸಿಗೆ ಹೋದವನನ್ನೂ ಊರಿನಿಂದ ಹೊರಡಿಸಿದುದು ಅದೇ ಬರ. ಒಬ್ಬನಿಗೆ ಚಪ್ಪರ ಸಿಕ್ಕಿತು, ಇನ್ನೊಬ್ಬನಿಗೆ ಬಂಗಲೆ ಸಿಕ್ಕಿತು. ಇಬ್ಬರ ಮಕ್ಕಳೂ ತಮ್ಮದಲ್ಲದ ಊರಿನ ಶಾಲೆಯ ಬಾಗಿಲಲ್ಲಿ ನಿಂತರು.

ಎರಡನೆಯ ಮಾತು ನಮ್ಮಂಥ ರಾಷ್ಟ್ರೀಯ ಪತ್ರಿಕೆಗೆ ಹೆಚ್ಚು ತೊಡಕಿನದು. "ಬಂದರೆ ಬರಲಿ, ತಾಯ್ನಾಡಿಗಲ್ಲವೆ ಬರುವುದು? ಮಾತೃಭೂಮಿಗೆ ಮರಳುವುದು ಶಿಕ್ಷೆಯೆಂದು ನೀವೇ ಬರೆಯುವಿರಾ?" ಎಂದು ಮಿತ್ರರೊಬ್ಬರು ಕೇಳಿದರು. ತಾವಾಗಿ ಬರುವವರನ್ನು ಆರತಿಯೆತ್ತಿ ಕರೆದುಕೊಳ್ಳುವೆವು. ಅಂಥವರು ಬಂದೂ ಇರುವರು, ಬಂದು ಒಳ್ಳೆಯ ಕೆಲಸ ಮಾಡಿಯೂ ಇರುವರು. ಆದರೆ ಮೇಷ್ಟ್ರ ಮೊಮ್ಮಗಳಿಗೆ ಮಧುಗಿರಿಯ ಬೆಟ್ಟವೆಂದರೆ ಎರಡು ಬೇಸಿಗೆಯ ರಜೆಗಳಲ್ಲಿ ಬಸ್ಸಿನ ಕಿಟಕಿಯಿಂದ ಕಂಡ ಬೆಟ್ಟ. ಕನ್ನಡವನ್ನು ಮಾತನಾಡಬಲ್ಲಳು, ಓದಲಾರಳು. ಇಲ್ಲಿ ಅವಳಿಗೆ ತಾತ ಅಜ್ಜಿಯರನ್ನು ಬಿಟ್ಟರೆ ಬಲ್ಲವರಿಲ್ಲ; ನಡುವ್ಯಾಸಂಗದಲ್ಲಿ ಬಂದರೆ ನಮ್ಮ ವಿಶ್ವವಿದ್ಯಾಲಯಗಳು ಅಲ್ಲಿಯ ಎರಡು ವರ್ಷದ ಓದನ್ನು ಎಷ್ಟರಮಟ್ಟಿಗೆ ಎಣಿಸುವುವೋ ದೇವರೇ ಬಲ್ಲ. ತಾಯ್ನಾಡಿಗೆ ಬರುವುದಕ್ಕೂ ತಾಯ್ನಾಡಿಗೆ ಎಸೆಯಲ್ಪಡುವುದಕ್ಕೂ ಇರುವ ಭೇದವನ್ನು ೨೦೨೫ನೆಯ ಫೆಬ್ರವರಿ ೫ರಂದು ಅಮೃತಸರದಲ್ಲಿ ಎಲ್ಲರೂ ಕಂಡರು. ಅಂದು ಅಮೆರಿಕದ ಸೈನ್ಯದ ವಿಮಾನದಿಂದ ೧೦೪ ಮಂದಿ ಭಾರತೀಯರು ಇಳಿದರು. ದಾರಿಯುದ್ದಕ್ಕೂ ಕೈಗೆ ಕೋಳ, ಕಾಲಿಗೆ ಸಂಕೋಲೆ ಹಾಕಿದ್ದರೆಂದು ಬಂದವರು ಹೇಳಿದರು. ಆ ವಿಮಾನದಲ್ಲಿ ಮಕ್ಕಳೂ ಇದ್ದರು.

ಯಾವ ದೇಶವೇ ಆಗಲಿ ತನ್ನ ಬಾಗಿಲನ್ನು ಕಾಯುವ ಅಧಿಕಾರವುಳ್ಳದ್ದೆಂಬ ಮೂರನೆಯ ಮಾತನ್ನು ನಾವು ಒಪ್ಪುತ್ತೇವೆ. ಸ್ವರಾಜ್ಯಕ್ಕಾಗಿ ಹೋರಾಡಿದ ಜನ ಅದನ್ನು ಅಲ್ಲಗಳೆಯಲಾರರು. ಆದರೆ ಇವರು ಬಾಗಿಲಲ್ಲಿ ನಿಂತವರಲ್ಲ. ಬಾಗಿಲು ತೆರೆದು ಒಳಗೆ ಕರೆದು, ಪಂಕ್ತಿಯಲ್ಲಿ ಕೂರಿಸಿ, ತಮ್ಮ ಧ್ವಜಕ್ಕೆ ಪ್ರತಿದಿನ ಬೆಳಗ್ಗೆ ಶಾಲೆಯಲ್ಲಿ ವಂದನೆ ಹೇಳಿಸಿ, ಹದಿನೇಳು ವರ್ಷ ಸಾಕಿದ ಮೇಲೆ ಎಬ್ಬಿಸಿ ಕಳುಹಿಸುವುದು ಬಾಗಿಲು ಕಾಯುವುದೆನಿಸದು.

ಬಾಗಿಲ ಮಾತು ಬಂದುದರಿಂದ ಒಂದು ಹಳೆಯ ಸಂಗತಿಯನ್ನು ಹೇಳಬೇಕಾಗಿದೆ. ೧೯೧೪ನೆಯ ಮೇ ೨೩ರಂದು ಕೊಮಗಾಟ ಮಾರು ಎಂಬ ಹಡಗು ೩೭೬ ಮಂದಿ ಭಾರತೀಯರೊಡನೆ ಕೆನಡಾದ ವ್ಯಾಂಕೂವರ್ ಬಂದರಿಗೆ ಬಂದಿತು. ಸ್ವದೇಶದಿಂದ ನೇರವಾಗಿ, ಎಲ್ಲಿಯೂ ಹಡಗು ಬದಲಿಸದೆ ಬಂದವರಿಗೆ ಮಾತ್ರ ಪ್ರವೇಶವೆಂದು ನಿಯಮ. ಭಾರತದಿಂದ ಹಾಗೆ ಬರುವ ಹಡಗೇ ಇರಲಿಲ್ಲವೆಂಬುದು ನಿಯಮ ಮಾಡಿದವರಿಗೆ ತಿಳಿದೇ ಇತ್ತು. ಎರಡು ತಿಂಗಳು ನೀರಿನ ಮೇಲೆಯೇ ನಿಲ್ಲಿಸಿ, ಕೆಲವರ ಹೊರತು ಉಳಿದವರೆಲ್ಲರನ್ನೂ ಹಿಂದಕ್ಕೆ ಕಳುಹಿಸಿದರು. ಕಲ್ಕತ್ತೆಯ ಬಳಿ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಆಂಗ್ಲ ಸರ್ಕಾರದವರು ಗುಂಡು ಹಾರಿಸಿ ಇಪ್ಪತ್ತರಷ್ಟು ಮಂದಿಯನ್ನು ಕೊಂದರು. ಇದಕ್ಕೆ ಕೆನಡಾದ ಪ್ರಧಾನಿ ತಮ್ಮ ಸಭೆಯಲ್ಲಿ ಎದ್ದುನಿಂತು ಕ್ಷಮೆ ಬೇಡಿದುದು ೨೦೧೬ನೆಯ ಮೇ ತಿಂಗಳಿನಲ್ಲಿ, ನೂರಎರಡು ವರ್ಷಗಳ ಮೇಲೆ.

ಅದೇ ಕೆನಡಾದಲ್ಲಿ ೨೦೨೩ರಲ್ಲಿ ಬೇರೊಂದು ಬಗೆಯ ಅಂತ್ಯವನ್ನು ಕಂಡೆವು. ಬಹುಮಟ್ಟಿಗೆ ಪಂಜಾಬಿನವರಾದ ವಿದ್ಯಾರ್ಥಿಗಳು ದಲ್ಲಾಳಿಯನ್ನು ನಂಬಿ ಹಣ ಕೊಟ್ಟು, ಅವನು ತಂದ ಕಾಲೇಜಿನ ಪ್ರವೇಶಪತ್ರದ ಮೇಲೆ ಹೋಗಿದ್ದರು. ಪತ್ರಗಳು ಕಳ್ಳಪತ್ರಗಳೆಂದು ಹೊರಬಿದ್ದುದು ಅವರು ಓದಿ ಮುಗಿಸಿ ಕೆಲಸಕ್ಕೆ ಸೇರಿ ಕಾಯಂ ಅರ್ಜಿ ಹಾಕಿದಾಗ. ಗಡೀಪಾರಿನ ನೋಟೀಸುಗಳು ಬಂದುವು. ಹುಡುಗರು ಹುಡುಗಿಯರು ಗಡಿ ಇಲಾಖೆಯ ಕಚೇರಿಯ ಮುಂದೆ ಬೀದಿಯಲ್ಲಿ ಹಗಲಿರುಳು ಕುಳಿತರು. ಪಂಜಾಬಿನ ಮಂತ್ರಿಗಳು ಬರೆದರು, ಭಾರತ ಸರ್ಕಾರದವರು ಮಾತನಾಡಿದರು, ಅಲ್ಲಿಯ ಸಭೆಯಲ್ಲಿ ಪ್ರಶ್ನೆಗಳೆದ್ದುವು. ೨೦೨೩ನೆಯ ಜೂನ್ ೧೪ರಂದು ಅಲ್ಲಿಯ ಮಂತ್ರಿಯು, ಮೋಸವನ್ನರಿಯದೆ ನಿಜವಾಗಿ ಓದಲು ಬಂದವರನ್ನು ಕಳುಹಿಸುವುದಿಲ್ಲವೆಂದು ಸಾರಿದನು. ಅಮೆರಿಕದಲ್ಲಿಯೂ ೨೦೨೫ರ ಮಾರ್ಚ್ ಏಪ್ರಿಲ್‌ಗಳಲ್ಲಿ ಸಾವಿರಾರು ಪರದೇಶೀ ವಿದ್ಯಾರ್ಥಿಗಳ ದಾಖಲೆಗಳನ್ನು ಸಣ್ಣಪುಟ್ಟ ಕಾರಣಗಳಿಗೆ ಅಳಿಸಿಹಾಕಿದ್ದ ಸರ್ಕಾರವು, ವಿದ್ಯಾರ್ಥಿಗಳು ಊರೂರಿನ ನ್ಯಾಯಾಲಯಗಳಿಗೆ ಹೋದ ಮೇಲೆ, ಏಪ್ರಿಲ್ ೨೫ರಂದು ಹಿಂಜರಿಯಿತು. ಕೂಗಿದರೆ ಕೇಳುವವರಿಲ್ಲವೆಂಬ ನಿರಾಶೆಗೆ ಇವು ಉತ್ತರಗಳು. ಪಂಜಾಬಿನವರು ತಮ್ಮ ಮಕ್ಕಳಿಗಾಗಿ ಎದ್ದರು. ನಮ್ಮ ಮಕ್ಕಳಿಗಾಗಿ ಕರ್ನಾಟಕದಲ್ಲಿ ಯಾರೆದ್ದರು?

ಇಷ್ಟು ಬರೆದ ಮೇಲೆ ಒಂದು ಅಪ್ರಿಯ ಮಾತನ್ನು ಆಡದೆ ನಿರ್ವಾಹವಿಲ್ಲ. ಅನ್ಯರ ಮನೆಯ ಬಾಗಿಲಲ್ಲಿ ನ್ಯಾಯ ಕೇಳಹೊರಟವರನ್ನು ಅವರು ಮೊದಲು ಕೇಳುವ ಪ್ರಶ್ನೆ, ನಿಮ್ಮ ಮನೆಯಲ್ಲಿ ಹೇಗೆ, ಎಂಬುದು.

ಈ ಲೇಖಕನ ಬಾಲ್ಯದಲ್ಲಿ ಮಳೆ ಕೈಕೊಟ್ಟ ಒಂದು ವರ್ಷ ನಮ್ಮ ತಂದೆಯವರು ಊರು ಬಿಟ್ಟು ಬೇರೊಂದು ಊರಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದರು. ವರ್ಗಾವಣೆ ಪತ್ರ ಬರಲಿಲ್ಲವೆಂದು ಆ ಊರಿನ ಶಾಲೆಯವರು ನಮ್ಮನ್ನು ಎರಡು ತಿಂಗಳು ತರಗತಿಯೊಳಕ್ಕೆ ಸೇರಿಸಲಿಲ್ಲ. ಜಗಲಿಯ ಮೇಲೆ ಕುಳಿತು ಒಳಗಿನ ಮಗ್ಗಿಯನ್ನು ಹೊರಗಿನಿಂದ ಹೇಳುತ್ತಿದ್ದೆವು. ಹದಿನೇಳರ ಮಗ್ಗಿಯನ್ನು ಇಂದಿಗೂ ನಾವು ಜಗಲಿಯ ಮಗ್ಗಿಯೆಂದೇ ನೆನೆಯುತ್ತೇವೆ. ಅಂದು ನಾವು ದಾಟಿದ್ದುದು ಒಂದು ತಾಲ್ಲೂಕಿನ ಗಡಿಯನ್ನು, ಸಮುದ್ರವನ್ನಲ್ಲ.

ಆ ಕಾಲ ಹೋಯಿತು. ೨೦೦೯ರ ಶಿಕ್ಷಣ ಹಕ್ಕಿನ ಶಾಸನವು ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ಭಾಷೆಯನ್ನು ನಮ್ಮ ಅಧಿಕಾರಿಗಳು ಒಮ್ಮೆ ಗಮನವಿಟ್ಟು ಓದಬೇಕು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಎಂದಿದೆ, ಪ್ರತಿಯೊಬ್ಬ ಪ್ರಜೆಗೂ ಎಂದಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು ಸೇರಿಸಿಕೊಳ್ಳದಿರುವಂತಿಲ್ಲ. ವಯಸ್ಸಿನ ದಾಖಲೆಯಿಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ತುಮಕೂರು ಶಿರಾ ಹೆದ್ದಾರಿಯ ಬಳಿಯ ವಸಂತನರಸಾಪುರದ ಕಾರ್ಖಾನೆಗಳಿಗೆ ಉತ್ತರದೇಶದ ಕೆಲಸಗಾರರು ಬಂದಿರುವರು. ಇಟ್ಟಿಗೆಗೂಡುಗಳಿಗೆ, ಮನೆ ಕಟ್ಟುವ ಕೆಲಸಗಳಿಗೆ ಬಂದವರು ಊರೂರಿನಲ್ಲಿಯೂ ಇರುವರು. ಅವರ ಮಕ್ಕಳಿಗೆ ಆಧಾರ್ ತಾ, ಟಿಸಿ ತಾ, ಕನ್ನಡ ಬರುವುದೆ ಎಂದು ಕೇಳಿ, ನಾಳೆ ಬಾ ಎನ್ನುವ ಶಾಲೆಗಳು ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳುವವರುಂಟೆ? ಕನ್ನಡ ಬಾರದ ಮಕ್ಕಳಿಗೆ ಕನ್ನಡ ಕಲಿಸುವುದು ನಮಗೆ ಹೊಸತೂ ಅಲ್ಲ. ಮೂರು ಕಡೆ ಆಂಧ್ರವನ್ನು ಹೊದ್ದುಕೊಂಡಿರುವ ಪಾವಗಡದಲ್ಲಿ ತಲೆತಲಾಂತರದಿಂದ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆ ಮಕ್ಕಳು ನಮ್ಮವರಲ್ಲವೆಂದು ಯಾರೂ ಹೇಳಿದ್ದಿಲ್ಲ.

ಇನ್ನು ನಮ್ಮ ರಾಜ್ಯದಲ್ಲಿಯೇ ಹುಟ್ಟಿ ಕಾಗದದ ಮೇಲೆ ವಿದೇಶೀಯರಾಗಿರುವ ತರುಣರೂ ಇರುವರು. ೧೯೬೦ರಿಂದ ಮೊದಲುಗೊಂಡು ಆಗಿನ ಮೈಸೂರು ಸರ್ಕಾರದವರು ಟಿಬೆಟ್ಟಿನಿಂದ ಓಡಿಬಂದವರಿಗೆ ಬೈಲುಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ, ಹುಣಸೂರು ಕೊಳ್ಳೇಗಾಲಗಳ ಕಡೆಯಲ್ಲಿ ಭೂಮಿ ಕೊಟ್ಟು ನೆಲೆಗೊಳಿಸಿದರು. ಕನ್ನಡನಾಡಿನ ಔದಾರ್ಯಕ್ಕೆ ಅದೊಂದು ಕೀರ್ತಿಸ್ತಂಭ. ಆದರೆ ಅಲ್ಲಿ ಹುಟ್ಟಿ, ನಮ್ಮ ಕಾಲೇಜುಗಳಲ್ಲ್ಲಿ ಓದಿದ ಅನೇಕರು ಇಂದಿಗೂ ವಿದೇಶೀಯರೆಂಬ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ಹೊಸತು ಮಾಡಿಸಿಕೊಂಡು ಬಾಳಬೇಕಾಗಿದೆ. ೧೯೫೦ನೆಯ ಜನವರಿ ೨೬ರಿಂದ ೧೯೮೭ನೆಯ ಜುಲೈ ೧ರ ಒಳಗೆ ಇಲ್ಲಿ ಹುಟ್ಟಿದವರು ಜನ್ಮದಿಂದಲೇ ಪ್ರಜೆಗಳೆಂದು ಶಾಸನದಲ್ಲಿ ಸ್ಪಷ್ಟವಾಗಿದ್ದರೂ, ಅದನ್ನು ಹೇಳಿಸಿಕೊಳ್ಳಲು ಅವರು ೨೦೧೦ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೂ, ೨೦೧೩ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೂ ಹೋಗಬೇಕಾಯಿತು. ಆ ತಾರೀಖಿನ ಮೇಲೆ ಹುಟ್ಟಿದವರ ಪಾಡು ತಂದೆತಾಯಿಗಳ ಕಾಗದವನ್ನು ಅವಲಂಬಿಸಿದೆ. ಅವರನ್ನು ಯಾರೂ ಹೊರಗಟ್ಟುತ್ತಿಲ್ಲ, ನಿಜ, ಒಳಗಿನವರೆಂದೂ ಹೇಳುತ್ತಿಲ್ಲ. ಅಣೆಕಟ್ಟಿನ ನೀರು ಮನೆಮಠಗಳನ್ನು ಮುಳುಗಿಸಲು ೧೯೬೪ರಲ್ಲಿ ಬಂದು ಅರುಣಾಚಲದಲ್ಲಿ ನೆಲಸಿದ ಚಕ್ಮಾ ಜನರನ್ನು ಅಲ್ಲಿಯ ವಿದ್ಯಾರ್ಥಿ ಸಂಘವೇ ಹೊರಡಿರೆಂದು ಬೆದರಿಸಿತು. ಪ್ರಜೆಯಾಗಲಿ ಆಗದಿರಲಿ, ಈ ನೆಲದ ಮೇಲಿರುವ ಪ್ರತಿಯೊಬ್ಬನ ಪ್ರಾಣಕ್ಕೂ ಸರ್ಕಾರ ಹೊಣೆಯೆಂದು ೧೯೯೬ನೆಯ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ವಿಧಿಸಬೇಕಾಯಿತು. ವಿದ್ಯಾರ್ಥಿಗಳೇ ವಿದ್ಯಾರ್ಥಿಗಳನ್ನು ಹೊರಡಿಸಲೆತ್ತಿದ ಆ ಪ್ರಕರಣವನ್ನು ಓದಿದಾಗ, ಮಯಾಮಿಯಿಂದ ನಡೆದ ಆ ನಾಲ್ವರ ನೆನಪು ಬಂದು ನಮಗೆ ನಾಚಿಕೆಯಾಯಿತು.

ಈಗ ಮಾಡತಕ್ಕ ಕೆಲಸವೇನು? ನಮ್ಮ ನಾಲ್ಕು ತಾಲ್ಲೂಕುಗಳು ಲೋಕಸಭೆಗೆ ಎರಡು ಪಾಲಾಗಿವೆ: ಮಧುಗಿರಿ ಕೊರಟಗೆರೆಗಳು ತುಮಕೂರು ಕ್ಷೇತ್ರಕ್ಕೆ, ಶಿರಾ ಪಾವಗಡಗಳು ಚಿತ್ರದುರ್ಗ ಕ್ಷೇತ್ರಕ್ಕೆ ಸೇರಿವೆ. ಆದುದರಿಂದ ನಮಗೆ ಒಬ್ಬರಲ್ಲ, ಇಬ್ಬರು ಸದಸ್ಯರು. ಅಮೆರಿಕದೊಡನೆ ಸುಂಕದ ವಿಷಯವಾಗಿಯೂ ವ್ಯಾಪಾರದ ವಿಷಯವಾಗಿಯೂ ನಡೆಯುವ ಮಾತುಕತೆಗಳಲ್ಲಿ ಈ ಮಕ್ಕಳ ವಿಷಯ ಒಂದು ಬಾಬಾಗಿ ಸೇರಿರುವುದೆ ಎಂದು ಅವರಿಬ್ಬರೂ ಸಭೆಯಲ್ಲಿ ಪ್ರಶ್ನೆ ಕೇಳಲಿ. ಬಾದಾಮಿ, ಸೇಬು, ಉಕ್ಕುಗಳ ಲೆಕ್ಕ ಹಾಕುವ ಮೇಜಿನ ಮೇಲೆ ಎರಡು ಲಕ್ಷ ತರುಣರ ಲೆಕ್ಕಕ್ಕೂ ಸ್ಥಳವಿರಬೇಕು. ಶಿರಾ ನಗರಸಭೆ, ಮಧುಗಿರಿ ಪಾವಗಡಗಳ ಪುರಸಭೆಗಳು, ಕೊರಟಗೆರೆಯ ಪಟ್ಟಣ ಪಂಚಾಯಿತಿ ಒಂದೊಂದು ನಿರ್ಣಯವನ್ನು ಅಂಗೀಕರಿಸಿ ವಿದೇಶಾಂಗ ಮಂತ್ರಿಗಳಿಗೆ ಕಳುಹಿಸಲಿ. ಅಮೆರಿಕದಲ್ಲಿರುವ ಕನ್ನಡ ಕೂಟಗಳ ಮಹನೀಯರಿಗೂ ನಮ್ಮದೊಂದು ವಿಜ್ಞಾಪನೆ: ಸಮ್ಮೇಳನಗಳಿಗೆ ಇಲ್ಲಿಂದ ಗಾಯಕರನ್ನೂ ನಟರನ್ನೂ ಮಂತ್ರಿಗಳನ್ನೂ ಕರೆಸಿಕೊಳ್ಳುವಿರಿ, ಸಂತೋಷ. ಬರುವ ಮಂತ್ರಿಗಳಿಗೆ ಹಾರ ಹಾಕುವ ಮೊದಲು ಈ ಮಕ್ಕಳ ಪಟ್ಟಿಯನ್ನು ಅವರ ಕೈಗಿಡಿರಿ. ತಾವು ನೆಲಸಿದ ಪಟ್ಟಣದ ಕಾಂಗ್ರೆಸ್ ಸದಸ್ಯರ ಬಾಗಿಲನ್ನು, ಡಾಕಾದ ಹುಡುಗರೊಡನೆ ಸೇರಿ, ತಟ್ಟಿರಿ. ಅವರು ಬೇರೆ, ನಾವು ಬೇರೆ ಎಂದು ದೂರ ನಿಲ್ಲಬೇಡಿರಿ.

ನಮ್ಮ ಶೈಕ್ಷಣಿಕ ಜಿಲ್ಲೆಯ ಅಧಿಕಾರಿಗಳು ಈ ಶಾಲಾವರ್ಷದಲ್ಲಿ ಟಿಸಿಯಿಲ್ಲವೆಂದು ಹೊರಗುಳಿದ ವಲಸೆಯ ಮಕ್ಕಳು ತಾಲ್ಲೂಕಿಗೆ ಎಷ್ಟು ಮಂದಿಯೆಂದು ಎಣಿಸಿ ಪ್ರಕಟಿಸಬೇಕು. ಬಂದ ಲೆಕ್ಕವನ್ನು ಇದೇ ಪುಟದಲ್ಲಿ ಅಚ್ಚು ಹಾಕುವೆವು.

ಮೇಷ್ಟ್ರು ಮೊಮ್ಮಗಳ ಪತ್ರವನ್ನು ನಮ್ಮಲ್ಲಿಯೇ ಬಿಟ್ಟುಹೋಗಿರುವರು. ಅದರೊಡನೆ ಒಂದು ಮನವಿಯನ್ನು ಬರೆಯಿಸಿ ಕಾರ್ಯಾಲಯದ ಮುಂದಣ ಮೇಜಿನ ಮೇಲೆ ಇರಿಸಿದ್ದೇವೆ. ಮೊದಲನೆಯ ಸಹಿ ಮೇಷ್ಟ್ರದು, ಎರಡನೆಯದು ನಮ್ಮದು. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಯಾರು ಬೇಕಾದರೂ ಬಂದು ಓದಿ ಸಹಿ ಮಾಡಬಹುದು. ಕಾರ್ತಿಕಕ್ಕೆ ಮೊದಲು ಅದು ದೆಹಲಿಯನ್ನು ಸೇರಬೇಕು.